ಐತಪ್ಪನ ಕೊಲೆ ಮತ್ತು ಒಂದು ಕೋಳಿಸಾರು

ಜುಲೈ 17, 2025, ಗುರುವಾರ

ಮಂಗಳೂರಿನಲ್ಲಿ ಈವರೆಗೆ ಬಯಲಾದ ಕೊಲೆಗಳಲ್ಲಿ ಅರ್ಧಕ್ಕರ್ಧವನ್ನು ಬಯಲು ಮಾಡಿದವನು ನಾನು. ಪೊಲೀಸರು ಹೆಸರು ತೆಗೆದುಕೊಂಡರು, ಪದಕ ತೆಗೆದುಕೊಂಡರು; ನಾನು ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಸೀಟಿ ಊದುತ್ತ ಸುಮ್ಮನಿದ್ದೆ. ಕಂಡಕ್ಟರ್ ಆಗಿ ಜನ್ಮ ಸವೆಸಿದವನಿಗೆ ಒಂದು ಮುಖ ನೋಡಿದರೆ ಸಾಕು, ಇವನು ಎಲ್ಲಿ ಇಳಿಯುತ್ತಾನೆ, ಇಳಿದು ಯಾರಿಗೆ ಟೊಪ್ಪಿ ಹಾಕುತ್ತಾನೆ ಎಂದು ಗೊತ್ತಾಗುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಬುದ್ಧಿ ಕಡಿಮೆಯಾಗಿ ಅಲ್ಲ. ನಮ್ಮ ಮಾಸ್ಟ್ರಲ್ಲಿ ನನಗೆ ಕಲಿಸಲು ಇನ್ನೇನೂ ಉಳಿದಿರಲಿಲ್ಲ.

ಈ ಡೈರಿ, ಹಾಲಿನ ಸೊಸೈಟಿಯವರು ಪುಕ್ಕಟೆ ಕೊಟ್ಟದ್ದು. ಜೂನ್ ತನಕ ಹೆಂಡತಿ ಅಪ್ಪಿ ಇದರಲ್ಲಿ ಹಾಲಿನ ಲೆಕ್ಕ ಬರೆದಿದ್ದಾಳೆ. ಇನ್ನು ಇದು ನನ್ನದು, ಯಾಕೆಂದರೆ ಇವತ್ತು ಒಂದು ದೊಡ್ಡ ಕೆಲಸ ಶುರುವಾಯಿತು.

ಬೆಳಿಗ್ಗೆ ಪಂಪ್‌ವೆಲ್‌ನಲ್ಲಿ ವಿಲ್ಲಿಯ ಕ್ಯಾಂಟೀನಿಗೆ ಹೋಗಿದ್ದೆ. ನಮ್ಮ ತುಳುವರ ಆಟಿ ತಿಂಗಳ ಮೊದಲ ದಿನ, ಮಳೆ, ಯಾರಿಗೂ ಕೆಲಸ ಇಲ್ಲ. ಮಾತು ಐತಪ್ಪನ ಕೊಲೆಗೆ ಬಂತು. ಅವನು ಸಿಟಿ ಬಸ್ಸಿನ ಡ್ರೈವರ್ ಆಗಿದ್ದ. ಮೂವತ್ತೇಳು ವರ್ಷದ ಹಿಂದೆ ಇದೇ ಪಂಪ್‌ವೆಲ್‌ನಲ್ಲಿ ಯಾರೋ ಕೊಂದರು. ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಐತಪ್ಪ ನನಗೆ ಒಡಹುಟ್ಟಿದವನ ಹಾಗೆ, ಅವನ ಗುಟ್ಟೆಲ್ಲ ನನ್ನ ಹತ್ತಿರ ಉಂಟು ಎಂದೆ. ವಿಲ್ಲಿ ಬನ್ಸ್ ಕರಿಯುವ ಜಾಲರಿ ಹಿಡಿದುಕೊಂಡೇ ನಕ್ಕ.

"ಪೊಲೀಸರಿಗೇ ಆಗ್ಲಿಲ್ಲ ಲೋಕಣ್ಣ. ಬಸ್ಸಲ್ಲಿ ಚಿಲ್ಲರೆ ಇಲ್ಲ ಅಂತ ಬೊಬ್ಬೆ ಹೊಡೆದವನಿಗೆ ಆಗ್ತದಾ?"

"ಆಟಿ ಮುಗಿಯುವುದರೊಳಗೆ ಐತಪ್ಪನನ್ನು ಕೊಂದವನನ್ನು ತಂದು ನಿನ್ನ ಈ ಬೆಂಚಿನಲ್ಲಿ ಕೂರಿಸ್ತೇನೆ. ಇಲ್ಲದಿದ್ರೆ ನನ್ನ ಹೆಸರು ಲೋಕಯ್ಯ ಅಲ್ಲ."

"ಮತ್ತೆ ಎಂತ ಇಡುವ? ಬೊಗಳೆ ಲೋಕಯ್ಯ ಆಗ್ಬಹುದಾ?"

ಎಲ್ಲರೂ ನಕ್ಕರು. ಮೀನಿನ ಕಬೀರನಂತೂ ಚಾ ಮೂಗಿಗೆ ಹತ್ತಿಸಿಕೊಂಡ. ಅಲ್ಲಿಗೇ ಪಂಥ ಆಯಿತು. ನಾನು ಗೆದ್ದರೆ ವಿಲ್ಲಿ ನನ್ನ ಫೋಟೋವನ್ನು ಕ್ಯಾಶ್ ಮೇಜಿನ ಮೇಲೆ ತೂಗುಹಾಕಬೇಕು. (ಹಾರ ಬೇಡ ಎಂದು ನಾನೇ ಹೇಳಿದೆ.) ಸೋತರೆ ನಾನು ಬೆಂಚಿನ ಮೇಲೆ ನಿಂತು, "ನಾನು ಬೊಗಳೆ ಲೋಕಯ್ಯ, ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಜೊತೆಗೆ ದುಡ್ಡು. ಪಂಥದ ದುಡ್ಡು ಒಂದು ಲಕ್ಷ ರೂಪಾಯಿ.

ಜುಲೈ 19

ತಂಗಿಯ ಮಗಳು ಅನುಷ್ಕಾ ಲೈಬ್ರರಿಗೆ ಕರೆದುಕೊಂಡು ಹೋದಳು. ಅವಳಿಗೆ ಯೂಟ್ಯೂಬಿನಲ್ಲಿ ಒಂದು ಚಾನೆಲ್ ಉಂಟು. ಹಳೆ ಕೊಲೆ, ಹಳೆ ಕಳ್ಳತನ, ಅಂಥದ್ದೇ. ನನ್ನ ಸಂಶೋಧನೆಯನ್ನು ವಿಡಿಯೋ ಮಾಡುತ್ತಾಳಂತೆ. ಮೇಲೆ ಹಾಕಲು ಕೂಲಿಂಗ್ ಗ್ಲಾಸ್ ಹಾಕಿದ ನನ್ನ ಫೋಟೋ ಕೊಟ್ಟಿದ್ದೇನೆ.

ಹಳೆ ಪೇಪರಿನಲ್ಲಿ ಸಿಕ್ಕಿದ್ದು ಇಷ್ಟು. 1988ರ ನವೆಂಬರ್. ಕೊಟ್ಟಾರದ ಐತಪ್ಪ, ಇಪ್ಪತ್ತೇಳು ವರ್ಷ, ಮದುವೆಯಾಗಿಲ್ಲ. ಪಂಪ್‌ವೆಲ್‌ನ ಒಂದು ಪಾಳುಬಿದ್ದ ಹೆಂಚಿನ ಶೆಡ್ಡಿನಲ್ಲಿ ಅವನ ಖಾಕಿ ಅಂಗಿ ರಕ್ತದಲ್ಲಿ ತೊಯ್ದು ಬಿದ್ದಿತ್ತು, ಪಕ್ಕದಲ್ಲಿ ಒಂದು ಕಾಲಿನ ಚಪ್ಪಲಿ. ಹೆಣ ಸಿಗಲಿಲ್ಲ, ಹೊಳೆಗೆ ಎಸೆದಿರಬೇಕು ಎಂದು ಬರೆದಿದ್ದರು. ಯಾರನ್ನೂ ಹಿಡಿಯಲಿಲ್ಲ. ಮನೆಯಲ್ಲಿ ಅಕ್ಕ ದೇಯಿ ಒಬ್ಬಳೇ.

"ಮಾಮ, ನೀವು ಇವರೊಟ್ಟಿಗೆ ತುಂಬ ಕ್ಲೋಸ್ ಅಲ್ವಾ? ಹೇಗಿದ್ರು?" ಅನುಷ್ಕಾ ಮೊಬೈಲ್ ನನ್ನ ಮುಖಕ್ಕೆ ಹಿಡಿದಳು.

"ನನ್ನ ತಮ್ಮನ ಹಾಗೆ," ಎಂದೆ.

(ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಒಟ್ಟಿಗೆ ಚಾ ಕುಡಿದದ್ದು ನೆನಪುಂಟು. ದುಡ್ಡು ಅವನೇ ಕೊಟ್ಟ.)

ಜುಲೈ 21

ಸ್ಥಳ ಪರಿಶೀಲನೆ. ಆ ಶೆಡ್ ಇದ್ದಲ್ಲಿ ಈಗ ಫ್ಲೈಓವರಿನ ಕಂಬ. ನಾನು ಅಪ್ಪಿಯ ಹೊಲಿಗೆಯ ಟೇಪು, ಒಂದು ಭೂತಗನ್ನಡಿ ಹಿಡಿದುಕೊಂಡು ಕಂಬದ ಬುಡ ಅಳೆಯುತ್ತಿದ್ದೆ. ಎರಡು ನಿಮಿಷ ಆಗಲಿಲ್ಲ, ಒಬ್ಬ ಬಂದು, "ಸರ್, ಇಲ್ಲಿ ನೀರು ನಿಲ್ತದೆ, ನಮ್ಮ ಅಂಗಡಿ ಒಳಗೆ ಬರ್ತದೆ" ಎಂದ. ಇನ್ನೊಬ್ಬ ಬೀದಿದೀಪ ಉರಿಯುವುದಿಲ್ಲ ಎಂದ. ಒಬ್ಬಳು ಹೆಂಗಸು ತನ್ನ ಸ್ಕೂಟರಿನ ಬಾಗಿದ ಚಕ್ರವನ್ನೇ ತಂದು ತೋರಿಸಿದಳು. ನನ್ನನ್ನು ಹೈವೇಯ ಇಂಜಿನಿಯರ್ ಎಂದುಕೊಂಡಿದ್ದಾರೆ! ಅಲ್ಲ ಎಂದು ಹೇಳಿ ಅವರ ಮನಸ್ಸು ನೋಯಿಸುವುದು ಯಾಕೆ? ಚರಂಡಿ ಚೌತಿಯೊಳಗೆ ಆಗುತ್ತದೆ ಎಂದೆ. ದೀಪ ನಾಳೆಯೇ ಎಂದೆ. ಒಬ್ಬ ಎಳನೀರು ಕೊಡಿಸಿದ.

ಕೊಲೆಯ ಬಗ್ಗೆ ಏನೂ ಸಿಗಲಿಲ್ಲ.

ಜುಲೈ 22

ಮಳೆ. ಅಪ್ಪಿ ಪತ್ರೊಡೆ ಮಾಡಿದ್ದಳು. ತಿಂದೆ. ಮಲಗಿದೆ.

ಪಂಥ ಐವತ್ತು ಸಾವಿರದ್ದು. ಮೊನ್ನೆ ಬರೆಯುವ ರಭಸದಲ್ಲಿ ಲಕ್ಷ ಆಯಿತು.

ಜುಲೈ 26

ಆ ಕಾಲದ ಪೊಲೀಸರಲ್ಲಿ ಉಳಿದವರು ನೋಣಯ್ಯ ಹವಾಲ್ದಾರ್ರು ಒಬ್ಬರೇ. ಕಾವೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ, ನಾಲಗೆ ಚುರುಕು.

"ಐತಪ್ಪನ ಕೇಸಾ? ಅಯ್ಯೋ, ಅದನ್ನು ಮರೀಲಿಕ್ಕೆ ಆಗ್ತದಾ!"

ನಾನು ಪೆನ್ನು ತೆಗೆದೆ.

"ಅಂಗಿ ಸಿಕ್ಕಿದ ದಿನ ಮಧ್ಯಾಹ್ನ ಕೊಟ್ಟಾರದ ಅವನ ಮನೆಗೆ ಹೋದೆವು. ಅವನ ಅಕ್ಕ, ಪಾಪ, ಅಳುತ್ತಾ ಇದ್ದಳು. ಆದ್ರೂ ಹಸಿದು ಬಂದವರು ಅಂತ ರೊಟ್ಟಿ ಕೋಳಿಸಾರು ಬಡಿಸಿದಳು. ಮಾರಾಯ್ರೇ, ಆ ಕೋಳಿಸಾರು! ನಾಟಿ ಹುಂಜ. ನನ್ನ ಸರ್ವೀಸಿನಲ್ಲಿ ಅಂಥದ್ದು ಮತ್ತೆ ತಿಂದಿಲ್ಲ."

"ಅದಿರಲಿ ಹವಾಲ್ದಾರ್ರೇ. ರಕ್ತ? ರಕ್ತದ ಪರೀಕ್ಷೆ?"

"ಕಳಿಸಿದ್ದೆವು. ಉತ್ತರ ಬರ್ಲಿಲ್ಲ. ಇನ್ಸ್‌ಪೆಕ್ಟರು ಎರಡು ಸಲ ಬಡಿಸಿಕೊಂಡ್ರು."

"ರಕ್ತವನ್ನಾ?"

"ಸಾರನ್ನು!"

ಒಂದು ಗಂಟೆ ಕೂತರೂ ಆ ಮುದುಕನ ಬಾಯಿಂದ ಕೋಳಿ ಬಿಟ್ಟು ಬೇರೇನೂ ಬರಲಿಲ್ಲ. ಇಂಥವರ ಕೈಯಲ್ಲಿ ಕೇಸು ಇದ್ದರೆ ಕೊಲೆಗಾರ ಸಿಗುವುದು ಹೇಗೆ? ಎರಡು ಬಸ್ಸಿನ ದುಡ್ಡು ದಂಡ.

ಜುಲೈ 29, ಮಂಗಳವಾರ

ಇವತ್ತು ನಾನು ಮಾಡಿದ ಉಪಾಯವನ್ನು ಪೊಲೀಸ್ ಟ್ರೈನಿಂಗಿನಲ್ಲಿ ಪಾಠ ಮಾಡಬೇಕು.

ದೇಯಿಯ ಮನೆಯೊಳಗೆ ಹೋಗಬೇಕು, ಐತಪ್ಪನ ಬಗ್ಗೆ ಮಾತಾಡಿಸಬೇಕು, ಸಂಶಯ ಬರಬಾರದು. ಹೇಗೆ? ಆಟಿಯಲ್ಲಿ ನಮ್ಮವರು ಸತ್ತವರ ಮದುವೆ ಮಾಡುತ್ತಾರಲ್ಲ. ಮದುವೆಯಾಗದೆ ಸತ್ತವರು ಕುಲೆಗಳಾಗಿ ಮನೆಯವರನ್ನು ಕಾಡುತ್ತಾರೆ ಎಂದು, ಇನ್ನೊಂದು ಮನೆಯ ಸತ್ತ ಹುಡುಗಿಯನ್ನು ಹುಡುಕಿ, ವೀಳ್ಯ ಬದಲಿಸಿ, ಸೀರೆ ಬಳೆ ಇಟ್ಟು ಮದುವೆ. ಐತಪ್ಪ ಮದುವೆಯಾಗದೆ ಸತ್ತವನು. ಆದ್ದರಿಂದ ನಾನು ಹೆಣ್ಣಿನ ಕಡೆಯವನಾಗಿ ಹೋದೆ! ಹೆಣ್ಣು ನನ್ನ ತಂಗಿ ಶಾರದೆ. ಜ್ವರ ಬಂದು ತೀರಿಕೊಂಡಳು. ಹಾಗೊಬ್ಬಳು ತಂಗಿ ನನಗೆ ಇರಲೇ ಇಲ್ಲ ಎಂಬುದು ಬೇರೆ ಮಾತು. ನಂಬಿಕೆ ಬರಲಿ ಎಂದು ಹಂಪನಕಟ್ಟೆಯಲ್ಲಿ ಒಂದು ಸೀರೆ ತೆಗೆದುಕೊಂಡೆ. ಹಸಿರು, ಕೆಂಪು ಅಂಚು.

ದೇಯಿಗೆ ಎಪ್ಪತ್ತು ದಾಟಿದೆ. ತೆಳ್ಳಗಿನ ಮುದುಕಿ, ಕಣ್ಣು ಮಾತ್ರ ಟಿಕೆಟ್ ಚೆಕಿಂಗಿಗೆ ಬಂದವರ ಹಾಗೆ.

"ನಮ್ಮ ಶಾರದೆ ಕನಸಿನಲ್ಲಿ ಬಂದು ಅಳ್ತಾಳೆ ದೇಯಕ್ಕ. ನಿಮ್ಮ ಐತಪ್ಪನಿಗೆ ಕೊಡುವ ಅಂತ ಬಂದದ್ದು."

"ನಿಮ್ಮ ಬರಿ ಯಾವುದು?" ಎಂದು ಕೇಳಿದಳು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ; ಅದು ಒಂದೇ ಆದರೆ ಅಣ್ಣ ತಂಗಿ, ಮದುವೆ ಇಲ್ಲ. ಹೇಳಿದೆ. "ನಮ್ಮದೂ ಅದೇ," ಎಂದಳು. ಅಲ್ಲ, ಅದು ನನ್ನ ಅಪ್ಪನದ್ದು, ತಾಯಿಯದ್ದು ಬೇರೆ ಎಂದು ತಿರುಗಿಸಿದೆ. ಹುಡುಗಿ ಕುಳ್ಳಿಯಾ ಎಂದಳು. ಎತ್ತರ ಎಂದೆ. "ಅವನಿಗೆ ಕುಳ್ಳಿಯೇ ಆಗ್ಬೇಕು."

"ಸತ್ತವನಿಗೆ ಎಂತದು ಆಗ್ಬೇಕು ಅಂತ ನಿಮಗೆ ಹೇಗೆ ಗೊತ್ತು?"

"ನನ್ನ ತಮ್ಮನ ಸ್ವಭಾವ ನನಗೆ ಗೊತ್ತಿಲ್ವಾ? ಎಷ್ಟೋ ಸಂಬಂಧ ಬಂತು. ಒಂದಕ್ಕೂ ನಾನು ಹೂಂ ಅನ್ಲಿಲ್ಲ."

ಚಾ ಕೊಟ್ಟಳು. ಲೋಟ ತೆಗೆಯುವಾಗ ಕೇಳಿದಳು. "ತಂಗಿ ಹೋಗುವಾಗ ಎಷ್ಟು ವರ್ಷ ಅಂದಿರಿ?"

"ಇಪ್ಪತ್ತೆರಡು."

"ಆಗ ಹತ್ತೊಂಬತ್ತು ಅಂದಿರಿ."

"ಸತ್ತ ಮೇಲೆ ಬೆಳೆಯುದಿಲ್ವಾ ದೇಯಕ್ಕ?"

ಎಂಥ ಉತ್ತರ! ಆದರೂ ಒಂದು ಮಾತು ತಲೆಯಲ್ಲಿ ಸಿಕ್ಕಿಹಾಕಿಕೊಂಡಿದೆ. ಕೊಲೆಯಾಗಿ ಸತ್ತ ತಮ್ಮ. ಅಂಥವನ ಕುಲೆಗೆ ಹೆದರಿ ಜನ ಕಾಲಿಗೆ ಬಿದ್ದು ಹೆಣ್ಣು ಹುಡುಕುತ್ತಾರೆ. ಇವಳು ಮನೆಗೆ ಬಂದ ಹೆಣ್ಣುಗಳನ್ನೆಲ್ಲ ಹಿಂದೆ ಕಳಿಸುತ್ತಾಳೆ. ಯಾಕೆ?

ಜುಲೈ 30

ಅಪ್ಪಿಗೆ ಸೀರೆ ಸಿಕ್ಕಿತು. ಅವಳಿಗೆಂದೇ ತಂದದ್ದು ಎಂದು ಖುಷಿಪಟ್ಟಳು. ಅಲ್ಲ, ಸತ್ತ ಹುಡುಗಿಗೆ ತಂದದ್ದು ಎಂದೆ. ರಾತ್ರಿ ಊಟಕ್ಕೆ ಗಂಜಿ ಮಾತ್ರ. ಉಪ್ಪಿನಕಾಯಿಯೂ ಇಲ್ಲ.

ಆಗಸ್ಟ್ 1

ಇದನ್ನು ಬರೆಯಲಿಕ್ಕೆ ಮನಸ್ಸಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಮುಲ್ಕಿ ಕಡೆಯ ಗಂಡ ಹೆಂಡತಿ ಇಬ್ಬರು ಬಂದರು. ವಯಸ್ಸಾದವರು. ಕೈಯಲ್ಲಿ ವೀಳ್ಯ, ಅಡಿಕೆ, ತೆಂಗಿನಕಾಯಿ. ಮಗ ದೋಣಿ ಮಗುಚಿ ಹೋದನಂತೆ, ಬಹಳ ವರ್ಷವಾಯಿತು. "ಕೊಟ್ಟಾರದ ದೇಯಕ್ಕ ಹೇಳಿದ್ರು, ನಿಮ್ಮಲ್ಲಿ ಶಾರದೆ ಅಂತ ಒಬ್ಬಳು ಉಂಟಂತೆ, ಒಳ್ಳೆ ಹುಡುಗಿಯಂತೆ."

ಅಪ್ಪಿ ನನ್ನನ್ನು ನೋಡಿದಳು. ನಾನು ಮಾಡಿನ ಹೆಂಚು ನೋಡಿದೆ.

ಆ ಹೆಂಗಸು ಕೇಳಿದಳು, "ಫೋಟೋ ಏನಾದ್ರೂ ಉಂಟಾ ಅಣ್ಣ? ಒಮ್ಮೆ ನೋಡ್ಬಹುದಿತ್ತು."

ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ. ನನಗೆ! ಕೊನೆಗೆ ಅಪ್ಪಿಯೇ ಹೇಳಿದಳು. "ಅವಳ ಮದುವೆ ಹೋದ ಆಟಿಯಲ್ಲೇ ಆಯ್ತು ಅಕ್ಕ. ಇವರಿಗೆ ಮರೆವು." ಮುದುಕಿಗೆ ಬೇಸರವಾಯಿತು, ಆದರೆ ಹೋಗುವಾಗ ಮೆಟ್ಟಿಲಿನಲ್ಲಿ ನಿಂತು, "ನಿಮ್ಮ ತಂಗಿ ಹೋದ ಮನೆಯಲ್ಲಿ ಸುಖವಾಗಿರಲಿ" ಎಂದಳು. ತೆಂಗಿನಕಾಯಿ ಇಲ್ಲೇ ಬಿಟ್ಟುಹೋದರು.

ಮಧ್ಯಾಹ್ನ ಊಟ ಮಾಡಲಿಲ್ಲ. ಹೊಟ್ಟೆ ಸರಿ ಇಲ್ಲ. ಮೊನ್ನೆಯ ಗಂಜಿಯಿಂದ ಇರಬೇಕು.

ದೇಯಿಗೆ ನನ್ನ ಸುಳ್ಳು ಮೊದಲೇ ಗೊತ್ತಾಗಿದೆ. ಬೇಕೆಂದೇ ಕಳಿಸಿದ್ದಾಳೆ. ಆದಿತ್ಯವಾರ ಹೋಗಿ ಕೇಳುತ್ತೇನೆ.

ಆಗಸ್ಟ್ 3, ಆದಿತ್ಯವಾರ

ಗೊತ್ತಾಯಿತು. ಎಲ್ಲ ಗೊತ್ತಾಯಿತು. ಈಗ ಬರೆಯಲು ಆಗುವುದಿಲ್ಲ, ನಾಳೆ.

ಆಗಸ್ಟ್ 4

ನಿನ್ನೆ ದೇಯಿಯ ಮನೆಯಲ್ಲಿ ಸತ್ತವರಿಗೆ ಬಡಿಸುವ ದಿನ. ನಾನು ಜಗಳಕ್ಕೆಂದು ಹೋದವನು ಬಾಗಿಲಲ್ಲಿ ನಿಂತೆ. ಅಂಥ ಹೊತ್ತಿನಲ್ಲಿ ಜಗಳ ಮಾಡಬಾರದು, ಅಷ್ಟು ನನಗೂ ಗೊತ್ತು. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ. ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ. ಮಾವನ ಎಲೆಯ ಪಕ್ಕ ಒಂದು ಕಟ್ಟು ಬೀಡಿ, ಒಂದು ಕುಪ್ಪಿ ಕಳ್ಳು. ತೊಟ್ಟಿಲಲ್ಲೇ ಹೋದ ಒಂದು ಮಗುವಿಗೆ ಅಂಗೈಯಷ್ಟು ಎಲೆ, ಅದರಲ್ಲಿ ಬೆಲ್ಲ. ಎಲ್ಲರಿಗೂ ರೊಟ್ಟಿ, ಕೋಳಿಸಾರು. ದೇಯಿ ಒಬ್ಬೊಬ್ಬರ ಹೆಸರು ಹೇಳಿ, "ಬನ್ನಿ, ಊಟ ಮಾಡಿ, ನಮ್ಮನ್ನು ನೋಡಿಕೊಳ್ಳಿ" ಎಂದು ಕೈಮುಗಿದು ಬಾಗಿಲು ಎಳೆದಳು. ಸತ್ತವರು ಉಣ್ಣುವಾಗ ನೋಡಬಾರದು.

ಜಗಲಿಯಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಕಂಡಕ್ಟರನಿಗೆ ತಲೆ ಎಣಿಸುವ ಅಭ್ಯಾಸ.

"ದೇಯಕ್ಕ, ಐತಪ್ಪನ ಎಲೆ ಯಾವುದು?"

ಅವಳು ಎದ್ದಳು. ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಎದ್ದು ರಸ್ತೆಗೆ ಬಂದೆ. ಬಸ್ ಸ್ಟಾಪಿನಲ್ಲಿ ನಿಂತೆ. ಪೊಲೀಸರಿಗೆ ಸುಳ್ಳು ಹೇಳಬಹುದು, ಪೇಪರಿನವರಿಗೆ ಹೇಳಬಹುದು. ಬದುಕಿರುವ ತಮ್ಮನಿಗೆ ಕುಲೆಯ ಎಲೆ ಹಾಕಲು ಯಾವ ಅಕ್ಕನ ಕೈ ಏಳುತ್ತದೆ? ಬದುಕಿರುವವನಿಗೆ ಸತ್ತ ಹುಡುಗಿಯನ್ನು ತರಲು ಯಾರಿಗೆ ಧೈರ್ಯ ಬರುತ್ತದೆ? ಮತ್ತೆ ಆ ಕೋಳಿಸಾರು! ತಮ್ಮ ಕೊಲೆಯಾದ ಮನೆಯಲ್ಲಿ ಅದೇ ದಿನ ಯಾರು ಹುಂಜ ಬೇಯಿಸುತ್ತಾರೆ? ನೋಣಯ್ಯ ಹವಾಲ್ದಾರ್ರು ಮೂವತ್ತೇಳು ವರ್ಷ ನಾಲಗೆಯಲ್ಲಿಟ್ಟುಕೊಂಡದ್ದನ್ನು ತಲೆಗೆ ಕಳಿಸಲೇ ಇಲ್ಲ. ನಾನೂ ಎರಡು ಬಸ್ಸಿನ ದುಡ್ಡು ದಂಡ ಎಂದು ಬರೆದಿಟ್ಟೆ.

ಅಷ್ಟರಲ್ಲಿ ದೇಯಿ ಬಂದಳು. ಕೈಯಲ್ಲಿ ಮೂರು ಡಬ್ಬದ ಟಿಫಿನ್ ಕ್ಯಾರಿಯರ್. ಬಸ್ ಹತ್ತಿದಳು. ನಾನು ಹಿಂದಿನ ಬಾಗಿಲಿನಿಂದ ಹತ್ತಿ, ಒಬ್ಬ ದಪ್ಪ ಮನುಷ್ಯನ ಬೆನ್ನಿಗೆ ಅಡಗಿ ನಿಂತೆ. ಬಸ್ಸಿನಲ್ಲಿ ಅಡಗುವ ವಿದ್ಯೆ ನನಗಿಂತ ಚೆನ್ನಾಗಿ ಬಲ್ಲವರು ಕರಾವಳಿಯಲ್ಲೇ ಇಲ್ಲ. ಲೇಡಿಹಿಲ್ ದಾಟಿತು. ಅವಳು ತಿರುಗದೆಯೇ ಗಟ್ಟಿಯಾಗಿ ಹೇಳಿದಳು:

"ಲೋಕಯ್ಯಣ್ಣ, ಎಂತಕ್ಕೆ ಹಿಂದೆ ನೇತಾಡ್ತೀರಿ? ಮುಂದೆ ಸೀಟು ಉಂಟು."

ಇಡೀ ಬಸ್ಸು ನನ್ನನ್ನು ನೋಡಿತು.

ಹೋಗಿ ಕೂತೆ. "ನಿಮ್ಮ ತಂಗಿಗೆ ಸಂಬಂಧ ಕಳಿಸಿದ್ದೆ. ಬಂದ್ರಾ?" ಎಂದಳು.

"ಬಂದ್ರು."

"ಹೇಗಾಯ್ತು?"

"ಸಾಕಾಯ್ತು."

"ಹಾಂ. ಬಂದದ್ದು ಬಂದಿರಿ. ಇದನ್ನು ಹಿಡ್ಕೊಳ್ಳಿ, ಕೈ ನೋಯ್ತದೆ." ಕ್ಯಾರಿಯರ್ ನನ್ನ ತೊಡೆಗೆ ಇಟ್ಟಳು. ಬಿಸಿಯಿತ್ತು.

ಕದ್ರಿಯಲ್ಲಿ ಇಳಿದೆವು. ಯಾವ ರಸ್ತೆ, ಯಾವ ಮನೆ ಎಂದು ಇಲ್ಲಿ ಬರೆಯುವುದಿಲ್ಲ. ಬಾಗಿಲು ತೆರೆದವನು ಲುಂಗಿ ಉಟ್ಟ ಬೊಕ್ಕ ತಲೆಯ ಮುದುಕ. ಗೋಡೆಯಲ್ಲಿ ಏಸುವಿನ ಪಟ, ಕೆಳಗೆ ಕೆಂಪು ದೀಪ. ನಾನು ಒಂದು ಮುಖ ನೋಡಿದರೆ ಮರೆಯುವವನಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ನನಗೆ ಗುರುತೇ ಸಿಗಲಿಲ್ಲ. ಅವನಿಗೆ ಸಿಕ್ಕಿತು.

"ಯಾರು, ಲೋಕುವಾ? ಚಿಲ್ಲರೆ ಇಲ್ಲ ಅಂತ ಅಜ್ಜಿಯರ ನಾಲ್ಕಾಣೆಯೆಲ್ಲ ಕಿಸೆಗೆ ಹಾಕ್ತಿದ್ದ ಲೋಕು?"

"ಅದು ಬೇರೆ ಲೋಕಯ್ಯ," ಎಂದೆ.

"ಎಂತ ಮಾರಾಯ ಬಂದದ್ದು?"

"ನಿನ್ನನ್ನು ಕೊಂದವನನ್ನು ಹುಡುಕಿಕೊಂಡು ಬಂದೆ."

"ಸಿಕ್ಕಿದನಾ?"

"ಸಿಕ್ಕಿದ."

"ಹೊಡಿಬೇಡ ಅವನಿಗೆ. ಬಿಪಿ ಉಂಟು."

ಅವನ ಹೆಂಡತಿ ಒಳಗಿಂದ ಗೋಡೆ ಹಿಡಿದುಕೊಂಡು ಬಂದಳು, ಮೊಣಕಾಲು ನೋವು. ಕುಳ್ಳಿ! ಆಗ ಅವಳು ನರ್ಸ್, ದಿನಾ ಅವನ ಬಸ್ಸಿಗೇ ಕಾಯುತ್ತಿದ್ದಳಂತೆ. ಎರಡು ಮನೆಯವರೂ ಒಪ್ಪುವ ಹಾಗಿರಲಿಲ್ಲ. ಒಟ್ಟಿಗೆ ಓಡಿಹೋದರೆ ಎರಡು ಕಡೆಯವರೂ ಹುಡುಕಿಕೊಂಡು ಬರುತ್ತಾರೆ. ಸತ್ತವನನ್ನು ಯಾರು ಹುಡುಕುತ್ತಾರೆ? ದೇಯಿ ಹುಂಜ ಕೊಯ್ದಳು, ಅದರ ರಕ್ತ ಮೆತ್ತಲು ಅವನು ಅಂಗಿ ಬಿಚ್ಚಿ ಕೊಟ್ಟ. ರಾತ್ರಿ ಅಕ್ಕ ತಮ್ಮ ಕೂತು ಅದೇ ಹುಂಜದ ಸಾರು ಉಂಡರು. ಉಳಿದದ್ದನ್ನು ಮರುದಿನ ಪೊಲೀಸರು ತಿಂದರು. ಅವನು ಬೊಂಬಾಯಿಗೆ ಹೋಗಿ ಹೋಟೆಲು ಸೇರಿದ. ಅರ್ಧ ವರ್ಷ ಬಿಟ್ಟು ಅವಳು ಅಲ್ಲಿಯೇ ಆಸ್ಪತ್ರೆಯ ಕೆಲಸ ಸಿಕ್ಕಿತೆಂದು ಅಪ್ಪ ಅಮ್ಮನ ಆಶೀರ್ವಾದ ತೆಗೆದುಕೊಂಡೇ ಹೊರಟಳು. ಇಗರ್ಜಿಯಲ್ಲಿ ಮದುವೆ, ಹೊಸ ಹೆಸರು. ಆ ಹೆಸರನ್ನೂ ಬರೆಯುವುದಿಲ್ಲ.

"ಮುವ್ವತ್ತೈದು ವರ್ಷ ಕೊಂದು ಇಟ್ಟಿದ್ದೆ ಲೋಕಯ್ಯಣ್ಣ," ಎಂದಳು ದೇಯಿ, ಅವನ ತಟ್ಟೆಗೆ ರೊಟ್ಟಿ ಮುರಿದು ಹಾಕುತ್ತ. "ಒಂದು ಕಾಗದ ಇಲ್ಲ, ಫೋನ್ ಇಲ್ಲ. ಈಗ ಊರಿಗೆ ಬಂದು ಎರಡು ವರ್ಷ ಆಯ್ತು, ಬಡಿಸ್ತಾ ಇದ್ದೇನೆ."

ಅವರಿಗೊಬ್ಬಳು ಮಗಳು. ಟೀಚರ್. ಅವಳಿಗೆ ಇದೊಂದೂ ಗೊತ್ತಿಲ್ಲ. ದೇಯಿ ಅವಳ ಪಾಲಿಗೆ ರೊಟ್ಟಿ ಮಾಡಿ ತರುವ ಹೆಂಗಸು. ನವೆಂಬರಿನಲ್ಲಿ ಮದುವೆ. ದೇಯಿ ರವಿಕೆಯೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮದುವೆ ಕಾರ್ಡು ತೆಗೆದು ತೋರಿಸಿದಳು. ಇಂಗ್ಲಿಷಿನಲ್ಲಿ ಬರೆದಿತ್ತು, "ದೇಯಿ ಆಂಟಿ". ಅವಳಿಗೆ ಓದಲು ಬರುವುದಿಲ್ಲ. ಎಲ್ಲಿ ಬರೆದಿದೆ ಎಂದು ಬೆರಳಿಟ್ಟು ತೋರಿಸಲು ಬರುತ್ತದೆ.

"ಸೋದರತ್ತೆ ನಾನು," ಎಂದಳು. "ಮುಂದಿನ ಸಾಲು ಬೇಡ. ಹಿಂದೆ ಕೂತು ನೋಡ್ತೇನೆ. ನೀವು ಹೊರಗೆ ಮಾತಾಡಿದ್ರೆ ಅದೂ ಇಲ್ಲ. ಹುಡುಗನ ಮನೆಯವರು ಕೇಳ್ತಾರೆ, ಯಾರು, ಎಲ್ಲಿಯವ, ಯಾವ ಜಾತಿ. ಮತ್ತೆ ಬೀದಿಯಲ್ಲಿ ಗಲಾಟೆ ಮಾಡುವವರು ಬರ್ತಾರೆ. ನಿಮಗೆ ಗೊತ್ತುಂಟಲ್ಲ, ಈಗಿನ ಊರು."

ಗೊತ್ತುಂಟು ಎಂದೆ. ಪಂಥದ ವಿಷಯವೂ ಹೇಳಿದೆ. ಅವರು ಮೂವರೂ ನಕ್ಕರು. ಐತಪ್ಪ ನಗುತ್ತಲೇ, "ನಿನಗೆ ನಷ್ಟ ಆಯ್ತಲ್ಲ ಮಾರಾಯ" ಎಂದ. ನಾನು ನಗಲಿಲ್ಲ. ನಾನು ಯಾರಿಗೂ ಮಾತು ಕೊಟ್ಟಿಲ್ಲ. ಆಲೋಚನೆ ಮಾಡಬೇಕು.

ಸಾರು ಮಾತ್ರ ನೋಣಯ್ಯ ಹವಾಲ್ದಾರ್ರು ಹೇಳಿದ ಹಾಗೆಯೇ ಇತ್ತು.

ಆಗಸ್ಟ್ 7

ಕ್ಯಾಂಟೀನಿಗೆ ಹೋಗಿದ್ದೆ. ವಿಲ್ಲಿ ಕ್ಯಾಶ್ ಮೇಜಿನ ಮೇಲೆ ಗೋಡೆಗೆ ಮೊಳೆ ಹೊಡೆದಿದ್ದಾನೆ, ತಮಾಷೆಗೆ. "ನಿನ್ನ ಫೋಟೋಕ್ಕೆ ಜಾಗ ರೆಡಿ ಲೋಕಣ್ಣ. ಇಲ್ಲದಿದ್ರೆ ಛತ್ರಿ ತೂಗಾಕ್ತೇನೆ." ನಾಲಗೆ ತುದಿಗೆ ಬಂದಿತ್ತು. ಮೂವತ್ತೇಳು ವರ್ಷ ಯಾರಿಗೂ ಆಗದ್ದು. ನಾನು. ನಿಜವಾಗಿ ನಾನು! ಇದುವರೆಗೆ ನಾನು ಹೇಳಿದ ಯಾವ ಕತೆಯೂ ಇದರ ಕಾಲು ಭಾಗಕ್ಕೆ ಬರುವುದಿಲ್ಲ.

ಬನ್ಸ್ ಬಿಸಿಯಿತ್ತು. ಬಾಯಿ ತುಂಬ ಹಾಕಿಕೊಂಡೆ.

ಆಗಸ್ಟ್ 10

ಅನುಷ್ಕಾ ಕ್ಯಾಮೆರಾ, ಕೋಲು, ದೀಪ ಎಲ್ಲ ಹೊತ್ತುಕೊಂಡು ಬಂದಳು.

"ಮಾಮ, ಕೊಟ್ಟಾರದ ಅಜ್ಜಿ ಎಂತ ಹೇಳಿದ್ರು? ನಾನು ಒಮ್ಮೆ ಹೋಗಿ ಮಾತಾಡ್ಸಲಾ?"

"ಬೇಡ. ಅವರಿಗೆ ಏನೂ ಗೊತ್ತಿಲ್ಲ. ನನಗೂ ಏನೂ ಸಿಗ್ಲಿಲ್ಲ."

ಅವಳು ಹಣೆ ಮುಟ್ಟಿ ನೋಡಿದಳು. "ಮಾಮ, ನಿಮಗೆ ಜ್ವರ ಉಂಟಾ?"

"ನಾನು ಐತಪ್ಪನೊಟ್ಟಿಗೆ ಒಮ್ಮೆ ಚಾ ಕುಡಿದದ್ದು ಅಷ್ಟೇ ಮಗಳೇ. ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಅಳಿಸಿಬಿಡು ಅದೆಲ್ಲ."

"ಮತ್ತೆ ನನ್ನ ವಿಡಿಯೋ?"

ಪಂಪ್‌ವೆಲ್ ಕಂಬದ ಹತ್ತಿರ ನಾನು ಇಂಜಿನಿಯರ್ ಆದ ಕತೆ ಹೇಳಿದೆ. ಅವಳು ನಕ್ಕು ನಕ್ಕು ಅದನ್ನೇ ಹಿಡಿದುಕೊಂಡು ಹೋದಳು. ಇನ್ನು ಆ ಚರಂಡಿಯವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬರಲಿ.

ಆಗಸ್ಟ್ 12

ಸೀರೆಯನ್ನು ದೇಯಕ್ಕನಿಗೆ ಕೊಟ್ಟು ಬಂದೆ. ನವೆಂಬರಿಗೆ.

"ಇದು ನಿಮ್ಮ ತಂಗಿಯದ್ದಲ್ವಾ? ಕುಲೆಯ ಸೀರೆ ಉಡಬಾರದು," ಎಂದಳು, ನಗು ತಡೆದುಕೊಂಡು.

"ಇಲ್ಲದವಳ ಕುಲೆ ಎಲ್ಲಿಂದ ಬರ್ತದೆ ದೇಯಕ್ಕ?"

ಅಂಚು ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು. ಹಿಂದಿನ ಸಾಲಿನಲ್ಲಿ ಕೂತರೂ ಕಾಣುವಂಥ ಹಸಿರು. ಬರುವಾಗ ಮುಲ್ಕಿಯವರ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದೆ. ಅವರ ಮಗನಿಗೆ ಹೆಣ್ಣು ಹುಡುಕಬೇಕು, ನಿಜವಾದದ್ದು. ಬಸ್ಸಿನಲ್ಲಿ ದುಡಿದವನಿಗೆ ಕುಂದಾಪುರದ ತನಕ ಜನ ಗೊತ್ತಿರುತ್ತಾರೆ.

ಆಗಸ್ಟ್ 16, ಶನಿವಾರ

ಆಟಿ ಇವತ್ತಿಗೆ ಮುಗಿಯಿತು.

ಕ್ಯಾಂಟೀನು ತುಂಬಿತ್ತು. ಕಬೀರ ಮೀನಿನ ಬುಟ್ಟಿಯನ್ನು ಹೊರಗೆ ಬೆಕ್ಕಿಗೆ ಬಿಟ್ಟು ಒಳಗೆ ಬಂದು ನಿಂತಿದ್ದ. ವಿಲ್ಲಿ ಕೇಳಿದ, "ಎಲ್ಲಿ ಲೋಕಣ್ಣ, ಕೊಂದವನು?" ನಾನು ಚಪ್ಪಲಿ ಬಿಚ್ಚಿ ಬೆಂಚು ಹತ್ತಿದೆ. ಅಷ್ಟರಲ್ಲಿ ಒಬ್ಬ ಮುದುಕ ಛತ್ರಿ ಮಡಚುತ್ತ ಒಳಗೆ ಬಂದು, ನಾನು ನಿಂತ ಅದೇ ಬೆಂಚಿನ ತುದಿಯಲ್ಲಿ ಕೂತ. ಬೊಕ್ಕ ತಲೆ. ಶರಟು ಪ್ಯಾಂಟು ಹಾಕಿ ನೀಟಾಗಿ ಬಂದಿದ್ದ. ನನ್ನನ್ನು ನೋಡಲೇ ಇಲ್ಲ. "ಎರಡು ಬನ್ಸ್, ಒಂದು ಚಾ," ಎಂದ ವಿಲ್ಲಿಗೆ.

ನನ್ನ ಕಾಲಡಿ ಬೆಂಚು ಅಲುಗಿತು. ಬೆಂಚು ಹಳೆಯದು.

"ನಾನು ಬೊಗಳೆ ಲೋಕಯ್ಯ," ಎಂದೆ. ಸ್ವರ ಸಣ್ಣದಾಯಿತು. ಜೋರಾಗಿ ಹೇಳು ಎಂದು ಹಿಂದಿನಿಂದ ಕೂಗಿದರು. ಸ್ಟೇಟ್‌ಬ್ಯಾಂಕಿನಲ್ಲಿ ಸುರತ್ಕಲ್ ಬಸ್ಸಿಗೆ ಜನ ಕರೆಯುವ ಸ್ವರ ತೆಗೆದೆ. "ನಾನು ಬೊಗಳೆ ಲೋಕಯ್ಯ! ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು! ಐತಪ್ಪನನ್ನು ಯಾರು ಕೊಂದದ್ದು ಅಂತ ನನಗೆ ಗೊತ್ತಿಲ್ಲ!"

ಚಪ್ಪಾಳೆ, ಸೀಟಿ. ಬೆಂಚಿನ ತುದಿಯ ಮುದುಕ ಬನ್ಸ್ ಮುರಿಯುತ್ತ ಪಕ್ಕದವನಿಗೆ ಹೇಳಿದ, "ಯಾರು ಮಾರ್ರೆ ಇವರು? ಒಳ್ಳೆ ಸ್ವರ ಉಂಟು. ಬಸ್ಸಲ್ಲಿ ಇದ್ದವರಾ?"

ಇಳಿದೆ. ವಿಲ್ಲಿ ದುಡ್ಡು ತೆಗೆದುಕೊಂಡು ನನ್ನ ಮುಖವನ್ನೇ ನೋಡಿದ. "ಸೋತವನು ಹೀಗೆ ನಗುದಾ ಲೋಕಣ್ಣ? ಎಂತದೋ ಉಂಟು ನಿನ್ನದು." ಎಂತದೂ ಇಲ್ಲ ಎಂದೆ. ಅವನು ಮೊಳೆಗೆ ಛತ್ರಿ ತೂಗುಹಾಕಿದ. ನನ್ನದೇ ಛತ್ರಿ.

ಚಾ ಕುಡಿದು ದುಡ್ಡು ಕೊಡಲು ಹೋದರೆ, ಆಗಲೇ ಆಗಿದೆ ಎಂದರು. ಆ ಮುದುಕ ಕೊಟ್ಟು ಹೋಗಿದ್ದ. ಎರಡನೇ ಸಲ.

ಆಟಿ ಮುಗಿಯುವುದರೊಳಗೆ ಐತಪ್ಪನನ್ನು ಕೊಂದವನನ್ನು ವಿಲ್ಲಿಯ ಬೆಂಚಿನಲ್ಲಿ ಕೂರಿಸುತ್ತೇನೆ ಎಂದಿದ್ದೆ. ಕೂರಿಸಿದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ. ನಾಳೆಯಿಂದ ಡೈರಿ ಪುನಃ ಅಪ್ಪಿಯ ಹಾಲಿಗೆ. ಈ ಹಾಳೆಗಳು ಒಲೆಗೆ.

ಅಪ್ಪಿ ಕೇಳಿದಳು, ಎಷ್ಟು ಹೋಯಿತು ಎಂದು. ಸೀರೆಯ ದುಡ್ಡು ಹೋದದ್ದಲ್ಲ, ಅದನ್ನು ಸೇರಿಸುವುದಿಲ್ಲ. ಪಂಥದ್ದು ಲಕ್ಷ ಅಲ್ಲ. ಐವತ್ತು ಸಾವಿರವೂ ಅಲ್ಲ.

ಐನೂರು ರೂಪಾಯಿ.